ಸಚಿವರ ವಿದೇಶ ಪ್ರವಾಸದ ಟಿಪಿ: ನಮ್ಮ ಕೆಲಸಗಾರರ ಹೊತ್ತು ಮೊದಲ ಕರಡಿನಲ್ಲೇ ಬರಬೇಕು

ಕಾಪು ದೀಪಸ್ತಂಭ

ಮಂತ್ರಿಗಳು ಗಲ್ಫಿಗೆ ಹೋಗ್ತಾರೆ, ಫೋಟೋ ತೆಗೆಸಿಕೊಳ್ತಾರೆ, ವಾಪಸ್ ಬರ್ತಾರೆ, ನಮ್ಮವರನ್ನು ಯಾರೂ ಮಾತಾಡಿಸುವುದಿಲ್ಲ ಅಂತ ಉಡುಪಿ, ಮಂಗಳೂರಿನ ಎಲ್ಲಾ ಗುಂಪುಗಳಲ್ಲೂ ದೂರು ಕೇಳುತ್ತಿದ್ದೇನೆ. ದೂರಿನಲ್ಲಿ ಸತ್ಯ ಉಂಟು. ಆದರೆ ಅದಕ್ಕೆ ಕಾರಣ ಸಚಿವರ ಮನಸ್ಸು ಅಲ್ಲ, ಟಿಪಿ. ಅಂದರೆ ಟೂರ್ ಪ್ರೋಗ್ರಾಂ.

ನಾನು ಗಲ್ಫಿನ ಒಂದು ಭಾರತೀಯ ರಾಯಭಾರ ಕಚೇರಿಯಲ್ಲಿ ಲೋಕಲ್ ಸ್ಟಾಫ್ ಆಗಿ ತುಂಬಾ ವರ್ಷ ಇದ್ದೆ. ಪ್ರೋಟೋಕಾಲ್ ಕೆಲಸ, ಅಂದರೆ ಬರುವ ಗಣ್ಯರ ಭೇಟಿ, ಓಡಾಟ ನೋಡಿಕೊಳ್ಳುವುದು. ವಿದೇಶಾಂಗ ಸಚಿವರ ಮಟ್ಟದ ಒಂದು ಪ್ರವಾಸ ಹೇಗೆ ಶುರುವಾಗುತ್ತದೆ ಅಂತ ಹೇಳುತ್ತೇನೆ. ಮೊದಲು ಆ ದೇಶದ ಸಚಿವರಿಂದ ಆಹ್ವಾನ ಬರಬೇಕು. ನಂತರ ಎರಡೂ ಕಡೆಗೆ ಆಗುವ ದಿನ ಹುಡುಕುವುದು. ದೆಹಲಿಯಲ್ಲಿ ಆ ಪ್ರದೇಶಕ್ಕೆ ಒಂದು ಡಿವಿಜನ್ ಇರುತ್ತದೆ, ಗಲ್ಫಿಗೆ ಗಲ್ಫ್ ಡಿವಿಜನ್. ಅದು, ಸಚಿವರ ಕಚೇರಿ, ನಮ್ಮ ರಾಯಭಾರ ಕಚೇರಿ, ಆ ದೇಶದ ಪ್ರೋಟೋಕಾಲ್ ಇಲಾಖೆ, ಈ ನಾಲ್ವರ ನಡುವೆ ಕಾಗದ ಓಡಾಡುತ್ತಲೇ ಇರುತ್ತದೆ. ಕೇಂದ್ರ ಸಚಿವರಾದರೆ ಪ್ರಧಾನಿಯ ಒಪ್ಪಿಗೆಯೂ ಬೇಕು.

ದಿನ ಸಿಕ್ಕಿದ ಮೇಲೆ ದೊಡ್ಡ ಭೇಟಿಗಳನ್ನು ಇಡುತ್ತಾರೆ. ಅಲ್ಲಿನ ವಿದೇಶಾಂಗ ಸಚಿವರ ಜೊತೆ ಮಾತುಕತೆ, ಊಟ, ರಾಜ ಅಥವಾ ಅಮೀರರ ಭೇಟಿ, ಸಹಿ ಹಾಕುವ ಕಾರ್ಯಕ್ರಮ. ಆಮೇಲೆ ಉಳಿದ ಜಾಗದಲ್ಲಿ ವ್ಯಾಪಾರಿಗಳು, ಪತ್ರಕರ್ತರು. ಕಟ್ಟಕಡೆಗೆ "ಸಮುದಾಯ ಭೇಟಿ, 30 ನಿಮಿಷ". ಅಮೀರರ ಭೇಟಿಯ ಹೊತ್ತು ಕೊನೇ ಗಳಿಗೆಯಲ್ಲಿ ಹಿಂದೆ ಮುಂದೆ ಆಗುವುದು ಸಾಮಾನ್ಯ. ಆಗ ಮೊದಲು ಕತ್ತರಿ ಬೀಳುವುದು ಆ 30 ನಿಮಿಷಕ್ಕೇ.

ನಾನು ಹೇಳುವುದು ಇಷ್ಟೇ. ಕೆಲಸಗಾರರ ಭೇಟಿ ಮೊದಲ ಕರಡಿನಲ್ಲೇ, ದಿನ ನಿಗದಿ ಮಾಡುವಾಗಲೇ ಬರಬೇಕು. ಕೊನೆಗೆ ಸೇರಿಸಿದ್ದು ಉಳಿಯುವುದಿಲ್ಲ.

ಹಂಪನಕಟ್ಟೆ ಟಿಕೆಟ್

ಅಣ್ಣಾ, ನಾನು ಟ್ರಾವೆಲ್ ಏಜೆನ್ಸಿಯಲ್ಲಿ ಇರುವವನು. ಒಂದು ಮದುವೆ ಪಾರ್ಟಿಯನ್ನು ದುಬೈಗೆ ಕಳಿಸುವಾಗಲೇ ನಮಗೆ ತಲೆ ಕೆಡುತ್ತದೆ. ಸಚಿವರ ಟಿಕೆಟ್ ಯಾರು ಮಾಡುವುದು? ನಮ್ಮಂಥವರಿಗೆ ಆ ಕೆಲಸ ಬರುವುದೇ ಇಲ್ಲವಲ್ಲ.

ಕಾಪು ದೀಪಸ್ತಂಭ

ಬರುವುದಿಲ್ಲ. ಸರ್ಕಾರಿ ಖರ್ಚಿನ ವಿಮಾನ ಟಿಕೆಟ್‌ಗೆ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ, ಈ ಮೂರೇ ದಾರಿ. ಏರ್ ಇಂಡಿಯಾದಲ್ಲೇ ಹೋಗಬೇಕು ಅನ್ನುವ ಹಳೆಯ ಕಟ್ಟುಪಾಡು ಈಗಿಲ್ಲ, ಕಂಪನಿ 2022ರ ಜನವರಿಯಲ್ಲಿ ಟಾಟಾದವರಿಗೆ ಹೋಯಿತಲ್ಲ. ಜಾಸ್ತಿ ಸಚಿವರು ಮಾಮೂಲಿ ವಿಮಾನದಲ್ಲೇ ಹೋಗುತ್ತಾರೆ. ವಾಯುಪಡೆಯ ವಿಮಾನ ಎಲ್ಲರಿಗೂ, ಎಲ್ಲಾ ಸಲಕ್ಕೂ ಸಿಗುವುದಿಲ್ಲ.

ಟಿಕೆಟ್ ಸುಲಭದ ಕೆಲಸ. ಕಷ್ಟ ಇರುವುದು ದಿನ ಆರಿಸುವುದರಲ್ಲಿ. ಅಧಿವೇಶನ ನಡೆಯುವಾಗ ಲೋಕಸಭೆಯಲ್ಲಿ ವಿದೇಶಾಂಗ ಇಲಾಖೆಯ ಪ್ರಶ್ನೆಗಳಿಗೆ ಶುಕ್ರವಾರ, ರಾಜ್ಯಸಭೆಯಲ್ಲಿ ಗುರುವಾರ ಉತ್ತರ ಕೊಡಬೇಕು. ಹಾಗಾಗಿ ವಾರದ ಕೊನೆಗೆ ಸಚಿವರನ್ನು ದೆಹಲಿಯಿಂದ ಎಬ್ಬಿಸುವುದು ಕಷ್ಟ. ಸೆಪ್ಟೆಂಬರ್ ಕೊನೆ ಅಂದರೆ ನ್ಯೂಯಾರ್ಕ್, ವಿಶ್ವಸಂಸ್ಥೆಯ ಮಹಾಸಭೆ. ಅಲ್ಲಿ ಒಂದೇ ವಾರದಲ್ಲಿ ಹತ್ತಾರು ದೇಶದವರು ಸಿಗುವುದರಿಂದ ಸಚಿವರಿಗೆ ಒಂದಾದ ಮೇಲೊಂದು ಭೇಟಿ. ದೆಹಲಿಗೂ ನ್ಯೂಯಾರ್ಕಿಗೂ ಆಗ ಒಂಬತ್ತೂವರೆ ಗಂಟೆ ಅಂತರ. ಅಲ್ಲಿ ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೆ ದೆಹಲಿ ಕಚೇರಿ ಎದ್ದು ಫೋನ್ ಮಾಡುತ್ತದೆ.

ಗಲ್ಫಿನಲ್ಲಿ ಇನ್ನೊಂದು ತೊಡಕು. ಯುಎಇ 2022ರ ಜನವರಿಯಿಂದ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ತಂದಿತು, ಶುಕ್ರವಾರ ಸರ್ಕಾರಿ ಕಚೇರಿಗಳು ಮಧ್ಯಾಹ್ನದವರೆಗೆ ಮಾತ್ರ. ಸೌದಿ, ಕುವೈತ್, ಕತಾರ್, ಒಮಾನ್, ಬಹರೈನ್‌ಗಳಲ್ಲಿ ಈಗಲೂ ಶುಕ್ರವಾರ, ಶನಿವಾರವೇ ರಜೆ. ಕುವೈತ್ ಮತ್ತು ಅಬುಧಾಬಿ ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಲಿಯಬೇಕಾದರೆ ಎರಡೂ ಕಡೆ ಕಚೇರಿ ಇಡೀ ದಿನ ತೆರೆದಿರುವುದು ಸೋಮವಾರದಿಂದ ಗುರುವಾರದವರೆಗೆ ಮಾತ್ರ.

ಈಗ ನಮ್ಮ ವಿಷಯಕ್ಕೆ ಬನ್ನಿ. ಶುಕ್ರವಾರ ಕುವೈತ್‌ನಲ್ಲಿ ಸಚಿವಾಲಯ ಬಂದ್. ಅದೇ ದಿನ ಕೆಲಸಗಾರರು ಉಳಿಯುವ ಕ್ಯಾಂಪಿನಲ್ಲಿ ನಮ್ಮ ಹುಡುಗರಿಗೆ ರಜೆ! ಗುರುವಾರ ಮಾತುಕತೆ ಮುಗಿಸಿ ಶುಕ್ರವಾರ ಒಂದು ದಿನ ಜಾಸ್ತಿ ನಿಂತರೆ ಯಾರ ಹೊತ್ತನ್ನೂ ಕಸಿಯಬೇಕಾಗಿಲ್ಲ. ಅಧಿವೇಶನ ಇಲ್ಲದ ವಾರ ಆರಿಸಿದರೆ ಆಯ್ತು.

2024ರ ಡಿಸೆಂಬರ್‌ನಲ್ಲಿ ಪ್ರಧಾನಿ ಮೋದಿಯವರು ಕುವೈತ್‌ಗೆ ಹೋದದ್ದು ನೆನಪು ಮಾಡಿಕೊಳ್ಳಿ. 21ರಂದು ಶನಿವಾರ, ಅಲ್ಲಿ ರಜೆ. ಅವತ್ತು ಮೀನಾ ಅಬ್ದುಲ್ಲಾದ ಕೆಲಸಗಾರರ ಕ್ಯಾಂಪು, ಸಮುದಾಯದ ಕಾರ್ಯಕ್ರಮ. 22ರಂದು ಭಾನುವಾರ ಅಮೀರರ ಜೊತೆ ಮಾತುಕತೆ. 1981ರಲ್ಲಿ ಇಂದಿರಾ ಗಾಂಧಿ ಹೋದ ಮೇಲೆ 43 ವರ್ಷಕ್ಕೆ ಆದ ಪ್ರಧಾನಿ ಭೇಟಿ ಅದು. ಅಷ್ಟು ಬಿಗಿ ಇದ್ದ ಎರಡು ದಿನದಲ್ಲೂ ಕ್ಯಾಂಪಿಗೆ ಜಾಗ ಸಿಕ್ಕಿತು. ಪ್ರಧಾನಿಯ ಟಿಪಿಯಲ್ಲಿ ಆಗುವುದಾದರೆ ಸಚಿವರ ಟಿಪಿಯಲ್ಲಿ ಯಾಕೆ ಆಗಬಾರದು?

ಮಣಿಪಾಲ್ ಓದುಗ

ಸರ್, ನಾನು ವಿದೇಶಾಂಗ ಸೇವೆಗೆ ಓದುತ್ತಿರುವ ವಿದ್ಯಾರ್ಥಿ. ನಿಮ್ಮ ಮಾತಿಗೆ ನನ್ನದೊಂದು ಆಕ್ಷೇಪ ಇದೆ. ಸಚಿವರ ಒಂದು ಗಂಟೆ ಅಂದರೆ ದೊಡ್ಡ ಗಂಟೆ. ಎಣ್ಣೆ, ಬಂದರು, ರಕ್ಷಣೆ, ವ್ಯಾಪಾರ ಒಪ್ಪಂದ, ಇದೆಲ್ಲ ಅವರಿಂದ ಮಾತ್ರ ಆಗುವ ಕೆಲಸ. ಕೆಲಸಗಾರರ ಅಹವಾಲು ಕೇಳಲು ರಾಯಭಾರ ಕಚೇರಿಯಲ್ಲಿ ಓಪನ್ ಹೌಸ್ ಇದೆ, 2015ರಿಂದ ಮದದ್ ಪೋರ್ಟಲ್ ಇದೆ, 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ. ಸಚಿವರೇ ಕ್ಯಾಂಪಿಗೆ ಹೋದರೆ ಕೈ ಕುಲುಕುವುದು ಬಿಟ್ಟು ಬೇರೆ ಏನಾಗುತ್ತದೆ? ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದರೆ ಲಕ್ಷಗಟ್ಟಲೆ ಜನರಿಗೆ ಉಪಯೋಗ. ಆ ಸಾಲು ಬರುವುದು ಮೀಟಿಂಗ್ ರೂಮಿನಲ್ಲಿ.

ಜುಬೈಲ್ ರಿಟರ್ನ್

ತಮ್ಮಾ, ನೀನು ಹೇಳುವುದು ಪುಸ್ತಕದಲ್ಲಿ ಸರಿ. ನಾನು ಸೌದಿಯ ಜುಬೈಲ್‌ನಲ್ಲಿ ಪೈಪ್ ಫಿಟ್ಟರ್ ಆಗಿದ್ದೆ. ನಮ್ಮ ಕಂಪನಿ ಸಂಬಳ ನಿಲ್ಲಿಸಿದಾಗ ಓಪನ್ ಹೌಸ್‌ಗೆ ಹೋಗೋಣ ಅಂದರೆ ರಾಯಭಾರ ಕಚೇರಿ ಇರುವುದು ರಿಯಾದ್‌ನಲ್ಲಿ. 400 ಕಿಲೋಮೀಟರ್‌ಗೂ ಜಾಸ್ತಿ ದೂರ. ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಅದರ ಅವಧಿ ಮುಗಿದವನು ದಾರಿಯಲ್ಲಿ ಪೊಲೀಸ್ ಚೆಕಿಂಗ್ ದಾಟಿ ಹೋಗುವುದು ಹೇಗೆ? ಪೋರ್ಟಲ್‌ನಲ್ಲಿ ಹಾಕಿದೆವು, ನಂಬರ್ ಬಂತು. ಆ ನಂಬರ್ ಇಟ್ಟುಕೊಂಡು ಕಾಯುತ್ತಾ ಕೂತೆವು.

ಒಂದು ಸಲ ದೆಹಲಿಯ ದೊಡ್ಡ ಅಧಿಕಾರಿಯೊಬ್ಬರು ಕ್ಯಾಂಪಿಗೆ ಬರುತ್ತಾರೆ ಅಂತ ಸುದ್ದಿ ಬಂತು. ಹಿಂದಿನ ದಿನ ಮೆಸ್ಸಿನ ಗೋಡೆಗೆ ಬಣ್ಣ ಬಳಿದರು, ನಮ್ಮ ಬ್ಲಾಕಿನಲ್ಲಿ ಕೆಟ್ಟಿದ್ದ ಎಸಿ ಮೂರೂ ರಿಪೇರಿ ಆಯಿತು. ಒಬ್ಬೊಬ್ಬರೂ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟ್ ಜೆರಾಕ್ಸ್, ಇಕಾಮಾ ಜೆರಾಕ್ಸ್, ಸಂಬಳದ ಚೀಟಿ ಜೋಡಿಸಿ ಇಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಸಂಜೆ ನಾಲ್ಕಕ್ಕೇ ಸಾಲಿನಲ್ಲಿ ನಿಂತರು. ನನ್ನ ಮುಂದೆ ಬೈಂದೂರಿನ ಒಬ್ಬ ಹುಡುಗ. ಅವನ ಕವರಿನಲ್ಲಿ ತಾಯಿಯ ಆಪರೇಷನ್ ಬಿಲ್ಲೂ ಇತ್ತು, ರಜೆ ಕೊಡುತ್ತಿಲ್ಲ ಅಂತ ತೋರಿಸಲು. ಎಂಟು ಗಂಟೆಗೆ ಕ್ಯಾಂಪ್ ಬಾಸ್ ಬಂದು, ಪ್ರೋಗ್ರಾಂ ಕ್ಯಾನ್ಸಲ್, ಬೇರೆ ಮೀಟಿಂಗ್ ಉದ್ದ ಆಯಿತಂತೆ ಅಂದ. ಎಲ್ಲರೂ ಮೆಸ್ಸಿಗೆ ಹೋದೆವು.

ಯಾರಾದರೂ ಬರುತ್ತಾರೆ ಅಂದದ್ದಕ್ಕೇ ಕೆಟ್ಟ ಎಸಿ ಸರಿಯಾಯಿತು, ನೋಡು. ಬಂದಿದ್ದರೆ ಎಷ್ಟು ಆಗುತ್ತಿತ್ತು! ಅದಕ್ಕೇ ಕಾಪುವಿನ ಅಣ್ಣ ಹೇಳುವುದು ನನಗೆ ಸರಿ ಅನಿಸುತ್ತದೆ.

ಕುಂದಾಪ್ರ ಅಕ್ಕ

ನಾನು ಕುವೈತ್‌ನಲ್ಲಿ ನರ್ಸ್ ಆಗಿದ್ದವಳು. ಕ್ಯಾಂಪು ಕ್ಯಾಂಪು ಅಂತ ಎಲ್ಲರೂ ಹೇಳುತ್ತಿದ್ದೀರಿ, ಮನೆಕೆಲಸಕ್ಕೆ ಹೋದ ಹೆಂಗಸರು ಕ್ಯಾಂಪಿನಲ್ಲಿ ಇರುತ್ತಾರಾ? ಒಂದೊಂದು ಮನೆಯಲ್ಲಿ ಒಬ್ಬೊಬ್ಬರು. ಶುಕ್ರವಾರ ರಜೆ ಅನ್ನುವುದು ಅವರಿಗೆ ಕಾಗದದಲ್ಲಿ. ಆ ದಿನವೇ ಮನೆಯಲ್ಲಿ ನೆಂಟರು ಜಾಸ್ತಿ, ಅಡುಗೆ ಜಾಸ್ತಿ. ಎಷ್ಟು ಜನರ ಫೋನ್ ಕಿತ್ತಿಟ್ಟುಕೊಂಡಿರುತ್ತಾರೆ ಗೊತ್ತಾ? ಆಸ್ಪತ್ರೆಗೆ ಬಂದಾಗ ಮಾತ್ರ ನಮ್ಮ ಹತ್ತಿರ ನಾಲ್ಕು ಮಾತು ಆಡುತ್ತಿದ್ದರು, ಅದೂ ಜೊತೆಗೆ ಬಂದ ಯಜಮಾನಿ ಬದಿಗೆ ಹೋದರೆ.

ಓಡಿಬಂದವರಿಗೆ ಕುವೈತ್‌ನಲ್ಲಿ ನಮ್ಮ ರಾಯಭಾರ ಕಚೇರಿಯದ್ದೇ ಆಶ್ರಯ ಮನೆ ಉಂಟು. ಸಚಿವರು ಹೇಗೂ ರಾಯಭಾರ ಕಚೇರಿಗೆ ಬರುತ್ತಾರೆ, ಅಲ್ವಾ? ಹಾಗಾದರೆ ಆ ಮನೆಗೂ ಹೋಗಲಿ. ಕ್ಯಾಮೆರಾ ಬೇಡ. ಹೆಂಗಸರ ಮುಖ ಫೋಟೋದಲ್ಲಿ ಬಂದರೆ ಊರಿನಲ್ಲಿ ಬೇರೆ ಮಾತು ಶುರುವಾಗುತ್ತದೆ. ಒಬ್ಬರು ಮಹಿಳಾ ಅಧಿಕಾರಿ ಜೊತೆಗಿರಲಿ, ಭಾಷೆ ಗೊತ್ತಿರುವವರು ಇರಲಿ. ನಮ್ಮ ಕಡೆಯವರಿಗೆ ತುಳು, ಕೊಂಕಣಿ, ಬ್ಯಾರಿ ಬರುತ್ತದೆ, ಹಿಂದಿಯಲ್ಲಿ ಕಷ್ಟ ಹೇಳಿಕೊಳ್ಳಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿದರೆ ರಾಯಭಾರ ಕಚೇರಿಯವರು ಜನ ಹುಡುಕುತ್ತಾರೆ. ಅಲ್ಲಿ ನಮ್ಮ ಜಿಲ್ಲೆಯ ನರ್ಸುಗಳೇ ಎಷ್ಟು ಮಂದಿ ಇದ್ದಾರೆ!

ಕಾಪು ದೀಪಸ್ತಂಭ

ಅಕ್ಕಾ, ಈ ಮಾತು ತುಂಬಾ ಮುಖ್ಯ. ಆಶ್ರಯ ಮನೆಯ ಭೇಟಿಗೆ ಬೇರೆ ದೇಶದ ಅನುಮತಿ, ಕಂಪನಿಯ ಅನುಮತಿ ಎಂಥದ್ದೂ ಬೇಡ. ನಮ್ಮದೇ ಜಾಗ. ಹೊತ್ತು ಹಿಂದೆ ಮುಂದೆ ಆದರೂ ನಡೆಯುತ್ತದೆ, ರಾತ್ರಿ ಒಂಬತ್ತಕ್ಕೂ ಆಗುತ್ತದೆ. ಟಿಪಿ ಮಾಡುವವರಿಗೆ ಇಂಥ ಕಾರ್ಯಕ್ರಮ ಅಂದರೆ ಬಹಳ ಅನುಕೂಲ.

ಮಣಿಪಾಲದ ಹುಡುಗನಿಗೂ ಒಂದು ಮಾತು. ಒಪ್ಪಂದದ ಸಾಲು ಮೀಟಿಂಗ್ ರೂಮಿನಲ್ಲಿ ಬರುವುದು ನಿಜ. ಆದರೆ ಎದುರಿನ ಸಚಿವರ ಹತ್ತಿರ "ನಿಮ್ಮ ಇಂಥ ಊರಿನಲ್ಲಿ ಇಂಥ ಕಂಪನಿಯವರು ಇಷ್ಟು ತಿಂಗಳು ಸಂಬಳ ಕೊಟ್ಟಿಲ್ಲ, ನಾನೇ ನೋಡಿ ಬಂದೆ" ಅನ್ನುವುದಕ್ಕೂ, ಕಾಗದದಿಂದ ಓದುವುದಕ್ಕೂ ವ್ಯತ್ಯಾಸ ಇದೆ. ಎದುರಿನವರ ಮುಖ ಬದಲಾಗುವುದನ್ನು ನಾನು ಕಂಡಿದ್ದೇನೆ. ಹಾಗಾಗಿ ಆಗುವುದಾದರೆ ಕ್ಯಾಂಪ್ ಭೇಟಿ ಮಾತುಕತೆಗಿಂತ ಮೊದಲು ಇರಲಿ. ಮೊದಲು ನೋಡಬೇಕು, ಆಮೇಲೆ ಮಾತಾಡಬೇಕು. ಶನಿವಾರ ಕ್ಯಾಂಪು, ಭಾನುವಾರ ಮಾತುಕತೆ ಅನ್ನುವ ಕ್ರಮ ಕುವೈತ್, ಸೌದಿಗಳಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಯುಎಇಯಲ್ಲಿ ಕೆಲಸಗಾರರ ರಜೆ ಕಂಪನಿಯಿಂದ ಕಂಪನಿಗೆ ಬೇರೆ, ಅಲ್ಲಿ ಕೇಳಿಯೇ ದಿನ ಇಡಬೇಕು.

ಬೇಸಿಗೆಯ ಲೆಕ್ಕವೂ ಉಂಟು. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3, ಯುಎಇಯಲ್ಲಿ ಅದೇ ತಿಂಗಳುಗಳಲ್ಲಿ 12.30ರಿಂದ 3, ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ 11ರಿಂದ 4, ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸಬಾರದು ಅಂತ ನಿಯಮ. ಆ ಹೊತ್ತಿನಲ್ಲಿ ಸೈಟಿಗೇ ಹೋದರೆ ನಿಯಮ ನಡೆಯುತ್ತಿದೆಯಾ ಅನ್ನುವುದೂ ಕಣ್ಣಿಗೆ ಕಾಣುತ್ತದೆ, ವಿಶ್ರಾಂತಿಯಲ್ಲಿ ಇರುವವರೂ ಮಾತಿಗೆ ಸಿಗುತ್ತಾರೆ.

ಮಣಿಪಾಲ್ ಓದುಗ

ನೋಡಿದ ಮೇಲೆ ಮಾತಾಡುವುದು ಅನ್ನುವ ಕ್ರಮ ನನಗೆ ಹಿಡಿಸಿತು ಸರ್. ಜುಬೈಲ್‌ನ ಅಣ್ಣ ಹೇಳಿದ್ದು ಓದಿ ಬೇಜಾರೂ ಆಯಿತು. ಆದರೂ ಬಣ್ಣ ಬಳಿದ ಗೋಡೆಯ ಪ್ರಶ್ನೆ ಉಳಿಯುತ್ತದೆ. ಕಂಪನಿಯವರು ತಮಗೆ ಬೇಕಾದ ನಾಲ್ಕು ಜನರನ್ನು ಮುಂದೆ ನಿಲ್ಲಿಸಿದರೆ?

ಜುಬೈಲ್ ರಿಟರ್ನ್

ಅದಕ್ಕೆ ದಾರಿ ಇದೆ. ವೇದಿಕೆ ಬೇಡ, ಶಾಲು ಬೇಡ, ಭಾಷಣ ಬೇಡ. ಮೆಸ್ಸಿನಲ್ಲಿ ಒಂದು ಮೇಜು ಹಾಕಿ ಸಚಿವರು ಕೂರಲಿ, ಪಕ್ಕದಲ್ಲಿ ರಾಯಭಾರ ಕಚೇರಿಯ ಲೇಬರ್ ಅಧಿಕಾರಿ, ಅವರ ಹತ್ತಿರ ಒಂದು ಪುಸ್ತಕ. ಯಾರು ಮಾತಾಡಬೇಕು ಅಂತ ಕಂಪನಿ ಹೇಳುವುದಲ್ಲ, ಮದದ್‌ನಲ್ಲಿ ಬಾಕಿ ಇರುವ ದೂರುಗಳಿಂದಲೇ ಹೆಸರು ತೆಗೆಯಲಿ. ಯಾರ ದೂರು ತುಂಬಾ ಹಳೆಯದೋ ಅವನು ಮೊದಲು. ಕಂಪನಿಯವರು ಮೆಸ್ಸಿನ ಹೊರಗೆ ನಿಲ್ಲಲಿ. ಅರ್ಧ ಗಂಟೆಯಲ್ಲಿ ಹತ್ತು ಜನ ಮಾತಾಡಿದರೂ ಸಾಕು.

ಮತ್ತೆ ಒಂದು, ಮಾತಾಡಿದವನ ಹೆಸರು ಪತ್ರಿಕೆಯಲ್ಲಿ ಬರಬಾರದು. ಸಚಿವರು ಹೋದ ಮೇಲೆ ಅವನು ಅದೇ ಕಂಪನಿಯಲ್ಲಿ ಇರಬೇಕಲ್ಲ.

ಬಜಪೆ ರನ್‌ವೇ

ವಿಮಾನದ ವಿಷಯ ಯಾರೂ ಮುಂದುವರಿಸಲಿಲ್ಲ. ನನಗೆ ಅದರಲ್ಲಿ ಆಸಕ್ತಿ ಜಾಸ್ತಿ. ಟಿಪಿ ಬರೆಯುವವರು ವಿಮಾನ ಎಲ್ಲಿ ಎಣ್ಣೆ ತುಂಬಿಸುತ್ತದೆ, ಯಾರ ಆಕಾಶದಲ್ಲಿ ಹಾರುತ್ತದೆ ಅನ್ನುವುದನ್ನೂ ನೋಡಬೇಕು. 2018ರ ಜೂನ್‌ನಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ವಾಯುಪಡೆಯ ಸಣ್ಣ ಎಂಬ್ರೇಯರ್ ವಿಮಾನ. ಅಷ್ಟು ದೂರ ಒಂದೇ ಹಾರಾಟದಲ್ಲಿ ಹೋಗಲು ಆಗುವುದಿಲ್ಲ. ತಿರುವನಂತಪುರದಲ್ಲಿ ಇಳಿದು ಮಾರಿಷಸ್ ಕಡೆಗೆ ಹೋಯಿತು. ಸಮುದ್ರದ ಮೇಲೆ 14 ನಿಮಿಷ ವಿಮಾನದ ಜೊತೆ ಸಂಪರ್ಕವೇ ಸಿಗಲಿಲ್ಲ, ಮಾರಿಷಸ್‌ನವರು ಎಚ್ಚರಿಕೆಯನ್ನೂ ಕೊಟ್ಟರು. ಕೊನೆಗೆ ಸುರಕ್ಷಿತವಾಗಿ ಇಳಿಯಿತು.

ಪಾಕಿಸ್ತಾನದ ಆಕಾಶ ಇನ್ನೊಂದು. 2019ರಲ್ಲಿ ಬಾಲಾಕೋಟ್ ವಾಯುದಾಳಿಯ ನಂತರ ತಿಂಗಳುಗಟ್ಟಲೆ ಮುಚ್ಚಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ಕೋವಿಂದರು ಐಸ್‌ಲ್ಯಾಂಡ್‌ಗೆ ಹೋಗುವಾಗಲೂ ದಾರಿ ಕೊಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಮತ್ತೆ ಭಾರತದ ವಿಮಾನಗಳಿಗೆ ಮುಚ್ಚಿದರು. ದೆಹಲಿಯಿಂದ ಪಶ್ಚಿಮಕ್ಕೆ ಸುತ್ತಿ ಹೋಗಬೇಕು ಅಂದರೆ ಹೊತ್ತು ಜಾಸ್ತಿ, ಆ ಹೊತ್ತು ಬರುವುದು ಟಿಪಿಯಿಂದಲೇ. ಉಕ್ರೇನ್‌ನಲ್ಲಿ ಯುದ್ಧದಿಂದಾಗಿ ವಿಮಾನ ಹಾರಲು ಆಕಾಶವೇ ಇರಲಿಲ್ಲ, ಪ್ರಧಾನಿ 2024ರ ಆಗಸ್ಟ್‌ನಲ್ಲಿ ಪೋಲೆಂಡಿನ ಗಡಿಯಿಂದ ಸುಮಾರು ಹತ್ತು ಗಂಟೆ ರೈಲಿನಲ್ಲಿ ಕೀವ್ ಸೇರಿದರು.

ನಮ್ಮೂರಿನಿಂದ ಹೊರಡುವ ಸಚಿವರಿಗೂ ಒಂದು ಮಾತು ಉಂಟು. ಜೂನ್, ಜುಲೈಯಲ್ಲಿ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಬೆಳಗ್ಗೆ ಹೊರಟು ದೆಹಲಿಯಲ್ಲಿ ಸಂಜೆಯ ವಿಮಾನ ಹಿಡಿಯುತ್ತೇನೆ ಅಂತ ಯಾರೂ ಲೆಕ್ಕ ಹಾಕಬೇಡಿ. ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ, ಮಳೆ, ಮಂಜು. ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದು ಮಳೆಗಾಲದಲ್ಲಿ ನಾವೆಲ್ಲ ನೋಡಿದ್ದೇ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಳಿಯುವಾಗ ಅಪಘಾತವಾಗಿ 158 ಜನ ತೀರಿಹೋದ ಊರು ನಮ್ಮದು. ಪೈಲಟ್ ಇಳಿಸುವುದಿಲ್ಲ ಅಂದರೆ ಇಳಿಸುವುದಿಲ್ಲ, ಒಳಗೆ ಯಾರೇ ಇರಲಿ. ಟಿಪಿಯವರು ಒಂದು ರಾತ್ರಿ ಮುಂಚೆಯೇ ಹೊರಡಿಸಬೇಕು.

ಹಂಪನಕಟ್ಟೆ ಟಿಕೆಟ್

ನೂರಕ್ಕೆ ನೂರು ಸರಿ. ನಾವು ಗಲ್ಫಿನ ಪ್ಯಾಸೆಂಜರ್‌ಗಳಿಗೂ ಇದನ್ನೇ ಹೇಳುವುದು.

ಮಣಿಪಾಲ್ ಓದುಗ

ತುರ್ತು ಪ್ರವಾಸಗಳು ಹೇಗೆ ಸರ್? ಅಲ್ಲಿ ಕರಡು, ಆಹ್ವಾನ ಎಂಥದ್ದೂ ಇರುವುದಿಲ್ಲವಲ್ಲ.

ಕಾಪು ದೀಪಸ್ತಂಭ

ಅಲ್ಲಿ ಟಿಪಿ ಅಂದರೆ ಒಂದೇ ಸಾಲು, ಹೋಗಿ ನಿಲ್ಲುವುದು. 2015ರಲ್ಲಿ ಯೆಮನ್‌ನಿಂದ ನಮ್ಮವರನ್ನು ತರುವಾಗ ಕೇಂದ್ರದ ಆಗಿನ ವಿದೇಶಾಂಗ ರಾಜ್ಯ ಸಚಿವ ವಿ.ಕೆ. ಸಿಂಗ್ ಪಕ್ಕದ ಜಿಬೂಟಿಯಲ್ಲೇ ಇದ್ದರು. 2016ರಲ್ಲಿ ಸೌದಿಯಲ್ಲಿ ಕೆಲಸ ಹೋಗಿ ಊಟಕ್ಕೂ ಇಲ್ಲದೆ ಸಾವಿರಾರು ಜನ ಸಿಕ್ಕಿಕೊಂಡಾಗ ಅವರೇ ಜೆಡ್ಡಾಗೆ ಹೋದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ನಾಲ್ವರು ಸಚಿವರನ್ನು ಸುತ್ತಲಿನ ದೇಶಗಳಿಗೆ ಹಂಚಿ ಕಳಿಸಿದರು, ಹಂಗೇರಿ, ರೊಮೇನಿಯಾ, ಸ್ಲೊವಾಕಿಯಾ, ಪೋಲೆಂಡ್. 2023ರಲ್ಲಿ ಸುಡಾನ್‌ನಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದರಲ್ಲ, ಆಗಿನ ವಿದೇಶಾಂಗ ರಾಜ್ಯ ಸಚಿವ ವಿ. ಮುರಳೀಧರನ್ ಜೆಡ್ಡಾದಲ್ಲಿ ನಿಂತು ನೋಡಿಕೊಂಡರು. ಸಚಿವರು ಹತ್ತಿರದಲ್ಲೇ ಇದ್ದರೆ ಆ ದೇಶದ ಅಧಿಕಾರಿಗಳು ವೀಸಾ, ವಿಮಾನ ಇಳಿಯುವ ಅನುಮತಿ ಎಲ್ಲ ಗಂಟೆಗಳಲ್ಲಿ ಕೊಡುತ್ತಾರೆ. ಸಚಿವರು ಅಲ್ಲಿ ಖುದ್ದಾಗಿ ಇರುವುದಕ್ಕೆ ಬೆಲೆ ಇದೆ ಅಂತ ನಾನು ಹೇಳುವುದು ಇದನ್ನೆಲ್ಲ ನೋಡಿಯೇ.

ದೇರಾ ಕನ್ನಡಿಗ

ಎಲ್ಲರಿಗೂ ನಮಸ್ಕಾರ, ನಾನು ದುಬೈಯಿಂದ. ಮೂಲ ಸುರತ್ಕಲ್. ಇಲ್ಲಿನ ಒಂದು ಕನ್ನಡ ಬಳಗದ ಕಾರ್ಯದರ್ಶಿ. ರಾಜ್ಯೋತ್ಸವಕ್ಕೆ ನಮ್ಮ ರಾಜ್ಯದ ಒಬ್ಬ ಹಿರಿಯ ಸಚಿವರನ್ನು ಕರೆಯಬೇಕು ಅಂತ ಇದ್ದೇವೆ. ಟಿಕೆಟ್, ಹೋಟೆಲ್ ನಾವೇ ಕೊಡುತ್ತೇವೆ. ಸಚಿವರ ಪಿಎ ಹತ್ತಿರ ಮಾತಾಡಿದೆ, ಬರುತ್ತಾರೆ ಅಂದರು. ಇಷ್ಟು ಸಾಕಾ, ಇನ್ನೂ ಏನಾದರೂ ಬೇಕಾ?

ರಥಬೀದಿ ನಿವೃತ್ತ

ನಾನು ರಾಜ್ಯ ಸರ್ಕಾರದಲ್ಲಿ ಇದೇ ಕಡತಗಳನ್ನು ನೋಡುತ್ತಿದ್ದವನು. ಸಾಕಾಗುವುದಿಲ್ಲ ಮಾರಾಯ್ರೆ. ಪಿಎ ಹೂಂ ಅಂದರೆ ಡೈರಿಯಲ್ಲಿ ಬರೆದುಕೊಂಡರು ಅಂತ ಅಷ್ಟೇ.

ರಾಜ್ಯದ ಸಚಿವರು ಹೊರದೇಶಕ್ಕೆ ಹೋಗಲು ಮೊದಲು ಮುಖ್ಯಮಂತ್ರಿಯ ಒಪ್ಪಿಗೆ. ನಂತರ ದೆಹಲಿಯ ವಿದೇಶಾಂಗ ಸಚಿವಾಲಯದಿಂದ ಪೊಲಿಟಿಕಲ್ ಕ್ಲಿಯರೆನ್ಸ್, ಅದಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ. ಖಾಸಗಿ ಪ್ರವಾಸಕ್ಕೂ ಇದು ಬೇಕು. ಮೂರನೆಯದನ್ನು ನಿಮ್ಮಂಥ ಬಳಗದವರು ಮರೆಯುತ್ತಾರೆ. ಟಿಕೆಟ್, ಹೋಟೆಲ್ ನೀವು ಕೊಡುತ್ತೀರಿ ಅಂದಿರಲ್ಲ, ಅದು 2010ರ ವಿದೇಶಿ ದೇಣಿಗೆ ಕಾಯ್ದೆಯ 6ನೇ ಸೆಕ್ಷನ್‌ಗೆ ಬರುತ್ತದೆ. ಶಾಸಕರು, ಸರ್ಕಾರಿ ನೌಕರರು, ನ್ಯಾಯಾಧೀಶರು, ಪಕ್ಷದ ಪದಾಧಿಕಾರಿಗಳು ವಿದೇಶಿ ಆತಿಥ್ಯ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಮೊದಲೇ ಬೇಕು. ಹೊರಡುವ ದಿನಕ್ಕೆ ಎರಡು ವಾರ ಮುಂಚೆಯಾದರೂ ಅರ್ಜಿ ತಲುಪಿರಬೇಕು. ಅಲ್ಲಿ ಹೋದ ಮೇಲೆ ಏಕಾಏಕಿ ಆರೋಗ್ಯ ಕೆಟ್ಟು ಚಿಕಿತ್ಸೆ ಪಡೆದರೆ ಮಾತ್ರ ವಿನಾಯಿತಿ, ಅದನ್ನೂ ಆಮೇಲೆ ತಿಳಿಸಬೇಕು.

"ನಾವೆಲ್ಲ ಭಾರತೀಯ ಪಾಸ್‌ಪೋರ್ಟಿನವರೇ, ವಿದೇಶಿ ಹೇಗಾದೆವು" ಅಂತ ನೀವು ಕೇಳಬಹುದು. ಹೊರದೇಶದಲ್ಲಿ ರಚನೆಯಾದ ಸಂಘಸಂಸ್ಥೆಯನ್ನು ಕಾಯ್ದೆ ವಿದೇಶಿ ಮೂಲ ಅಂತಲೇ ನೋಡುತ್ತದೆ. ಸದಸ್ಯರು ಯಾರು ಅನ್ನುವುದು ಬೇರೆ ಮಾತು.

ಕ್ಲಿಯರೆನ್ಸ್ ಸುಮ್ನೆ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ. 2018ರ ಪ್ರವಾಹದ ನಂತರ ಕೇರಳದ ಸಚಿವರು ಗಲ್ಫಿಗೆ ನೆರವು ಕೇಳಲು ಹೊರಟಾಗ ಮುಖ್ಯಮಂತ್ರಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ತೀರಿಕೊಂಡಾಗ ಕೇಂದ್ರದಿಂದ ರಾಜ್ಯ ಸಚಿವರು ಹೋದರು, ಕೇರಳದ ಆರೋಗ್ಯ ಸಚಿವೆ ವೀಣಾ ಜಾರ್ಜ್‌ಗೆ ಒಪ್ಪಿಗೆ ಬರಲಿಲ್ಲ, ಅವರು ವಿಮಾನ ನಿಲ್ದಾಣದಿಂದಲೇ ವಾಪಸ್. 2025ರ ಜೂನ್‌ನಲ್ಲಿ ನಮ್ಮದೇ ರಾಜ್ಯದ ಪ್ರಿಯಾಂಕ್ ಖರ್ಗೆಯವರ ಅಮೆರಿಕ ಪ್ರವಾಸಕ್ಕೂ ಮೊದಲು ಒಪ್ಪಿಗೆ ಸಿಗದೆ ಅವರು ವಿದೇಶಾಂಗ ಸಚಿವರಿಗೆ ಪತ್ರ ಬರೆದರು. ಸರಿಯೋ ತಪ್ಪೋ ಅನ್ನುವ ರಾಜಕೀಯ ನನಗೆ ಬೇಡ. ಆದರೆ ನೀವು ಹಾಲ್ ಬುಕ್ ಮಾಡಿ, ಪೋಸ್ಟರ್ ಹಾಕಿ, ಕೊನೆಗೆ ಕ್ಲಿಯರೆನ್ಸ್ ಬರದಿದ್ದರೆ ಏನು ಮಾಡುತ್ತೀರಿ? ಅದಕ್ಕೇ ಆದಷ್ಟು ಬೇಗ ಶುರು ಮಾಡಿ. ಸಚಿವರ ಹೆಸರನ್ನು ಕಾಗದ ಕೈಗೆ ಬಂದ ಮೇಲೆ ಹಾಕಿ.

ಕಾಪು ದೀಪಸ್ತಂಭ

ದೇರಾದ ತಮ್ಮಾ, ಜೊತೆಗೆ ಇನ್ನೆರಡು. ಮೊದಲ ಪತ್ರ ದುಬೈಯ ನಮ್ಮ ಕಾನ್ಸುಲೇಟ್‌ಗೆ ಹೋಗಲಿ. ದೆಹಲಿಯವರು ಅಭಿಪ್ರಾಯ ಕೇಳುವುದು ಅವರನ್ನೇ. ಅವರಿಗೆ ನಿಮ್ಮಿಂದ ಮೊದಲೇ ಗೊತ್ತಿದ್ದರೆ ಉತ್ತರ ಬೇಗ ಹೋಗುತ್ತದೆ. ಎರಡನೆಯದು, ಯುಎಇಯಲ್ಲಿ ಅನುಮತಿ ಇಲ್ಲದೆ ಚಂದಾ ಎತ್ತುವುದು ಅಪರಾಧ. ಊರಿನಲ್ಲಿ ರಸೀದಿ ಪುಸ್ತಕ ಹಿಡಿದು ಹೊರಟ ಹಾಗೆ ವಾಟ್ಸಾಪ್‌ನಲ್ಲಿ ದುಡ್ಡು ಕೇಳಬೇಡಿ, ಸಚಿವರ ಹೆಸರಿನಲ್ಲಂತೂ ಬೇಡವೇ ಬೇಡ.

ಉಡುಗೊರೆಯನ್ನೂ ಸಣ್ಣದಾಗಿ ಇಡಿ. ಹೊರದೇಶದಲ್ಲಿ ಸಿಕ್ಕಿದ 5,000 ರೂಪಾಯಿ ಮೀರಿದ ವಸ್ತು ಕೇಂದ್ರ ಸಚಿವರಾದರೆ ದೆಹಲಿಯ ತೋಷಖಾನೆಗೆ, ಅಂದರೆ ಸರ್ಕಾರದ ಉಡುಗೊರೆ ಭಂಡಾರಕ್ಕೆ ಹೋಗುತ್ತದೆ. ಚಿನ್ನದ ಲೇಪದ ಬುರ್ಜ್ ಖಲೀಫಾ ಯಾರಿಗೂ ಬೇಡ. ಒಂದು ಉಡುಪಿ ಸೀರೆ ಕೊಟ್ಟರೆ ನೇಯ್ದವರಿಗೂ ಒಂದು ಮರ್ಯಾದೆ.

ಮತ್ತೆ ನನ್ನ ಹಳೆಯ ಮಾತು. ಸಚಿವರು ರಾಜ್ಯದವರಾದರೂ ಸರಿ, ವೇದಿಕೆಗೆ ಮುಂಚೆ ದುಬೈಯ ಸೋನಾಪುರದ ಕ್ಯಾಂಪುಗಳ ಕಡೆ ಒಂದು ಗಂಟೆ ಇಡಿ. ಆಹ್ವಾನ ಪತ್ರದಲ್ಲೇ ಬರೆಯಿರಿ, ಬಾಯಲ್ಲಿ ಹೇಳಬೇಡಿ.

ಕುಂದಾಪ್ರ ಅಕ್ಕ

ಮನೆಕೆಲಸದವರನ್ನೂ ಸೇರಿಸಿ. ಬಳಗದ ಹೆಂಗಸರಿಗೆ ಗೊತ್ತಿರುತ್ತದೆ ಯಾರು ಎಲ್ಲಿದ್ದಾರೆ ಅಂತ. ಏಜೆಂಟರು ಊರಿನಲ್ಲಿ ಹೇಗೆ ಕರೆದುಕೊಂಡು ಹೋಗುತ್ತಾರೆ ಅನ್ನುವುದು ರಾಜ್ಯದ ಸಚಿವರಿಗೇ ಹೇಳಬೇಕಾದ ಮಾತು. 30 ವರ್ಷ ತುಂಬದ ಹೆಂಗಸರನ್ನು ಮನೆಕೆಲಸಕ್ಕೆ ಗಲ್ಫಿಗೆ ಕಳಿಸಬಾರದು ಅಂತ ನಿಯಮ ಉಂಟು. ವಿಸಿಟ್ ವೀಸಾದಲ್ಲಿ ಹತ್ತಿಸಿ ಕಳಿಸುತ್ತಾರೆ. ಅದನ್ನು ತಡೆಯುವುದು ಇಲ್ಲಿನ ಪೊಲೀಸರಿಂದ ಆಗಬೇಕು, ಅಲ್ಲಿನ ರಾಯಭಾರಿಯಿಂದ ಅಲ್ಲ.

ದೇರಾ ಕನ್ನಡಿಗ

ತುಂಬಾ ಉಪಕಾರ ಆಯಿತು. ನಿನ್ನೆ ರಾತ್ರಿ ಸಮಿತಿಯ ನಾಲ್ವರು ಕೂತು ಮಾತಾಡಿದೆವು. ಹಾಲ್ ಮುಂಗಡ ಸದ್ಯಕ್ಕೆ ಬೇಡ. ಪತ್ರ ಕಾನ್ಸುಲೇಟ್‌ಗೆ ಈ ವಾರವೇ. ಕಾರ್ಯಕ್ರಮ ಭಾನುವಾರ ಸಂಜೆ, ಅದೇ ದಿನ ಮಧ್ಯಾಹ್ನ ಎರಡರಿಂದ ಮೂರೂವರೆ ಕ್ಯಾಂಪಿನ ಮೆಸ್ಸಿನಲ್ಲಿ ಒಂದು ಮೇಜು ಅಂತ ಆಹ್ವಾನ ಪತ್ರದಲ್ಲೇ ಬರೆದಿದ್ದೇವೆ. ಎರಡು ಕಂಪನಿಗಳ ಹತ್ತಿರ ರಜೆಯ ದಿನ ಕೇಳಿದೆವು, ಎರಡರಲ್ಲೂ ಭಾನುವಾರ. ಬಳಗದ ಮಹಿಳಾ ವಿಭಾಗದವರು ಬೇರೆಯಾಗಿ ಹೆಸರು ಪಟ್ಟಿ ಮಾಡುತ್ತಾರೆ, ಅದು ಕಾನ್ಸುಲೇಟ್‌ನ ಮಹಿಳಾ ಅಧಿಕಾರಿಯ ಕೈಗೆ ಮಾತ್ರ.

ಒಬ್ಬರು ಸದಸ್ಯರು ಸಚಿವರಿಗೆ ಬೇಸರ ಆಗಬಹುದು, ಸನ್ಮಾನ ಮೊದಲು ಇರಲಿ ಅಂದರು. ಇನ್ನೂ ಒಪ್ಪಿಲ್ಲ ಅವರು.

ಜುಬೈಲ್ ರಿಟರ್ನ್

ಅವರಿಗೆ ನನ್ನ ಪೋಸ್ಟ್ ಓದಲು ಕೊಡಿ. ಬೇಕಾದರೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.